ಜ್ವರ ಶುರುವಾಗಿ ಎಷ್ಟು ದಿನ ಆಯ್ತು?

ಲ್ಯಾಬಿಗೆ ರಕ್ತ ಕೊಡಲು ಬಂದವರಿಗೆ ನನ್ನ ಮೊದಲ ಪ್ರಶ್ನೆ ಇದೇ. ಹೆಸರು, ವಯಸ್ಸು ಆಮೇಲೆ. "ಮೊನ್ನೆಯಿಂದ ಸ್ವಲ್ಪ ಮೈ ಬಿಸಿ" ಅಂದರೆ ಬಿಡುವುದಿಲ್ಲ. ಮೊನ್ನೆ ಬೆಳಿಗ್ಗೆಯೋ ರಾತ್ರಿಯೋ ಅಂತ ಕೆದಕುತ್ತೇನೆ.

ಒಂದು ಎಡವಟ್ಟು ಕಲಿಸಿದ ಅಭ್ಯಾಸ ಇದು. ಕೆಲಸಕ್ಕೆ ಸೇರಿದ ಹೊಸತು. 2 ದಿನದ ಜ್ವರದ ಹುಡುಗ. ಚೀಟಿಯಲ್ಲಿ ಡೆಂಗಿ ಐಜಿಎಂ (ಸೋಂಕಿನ ವಿರುದ್ಧ ಮೈ ಮೊದಲು ತಯಾರಿಸುವ ಆಂಟಿಬಾಡಿ) ಅಂತಷ್ಟೇ ಇತ್ತು, ಅಷ್ಟೇ ಮಾಡಿದೆ. ನೆಗೆಟಿವ್. "ಸದ್ಯ, ಡೆಂಗಿ ಅಲ್ವಲ್ಲಾ" ಅಂತ ಅವರಮ್ಮ ನಿರಾಳವಾಗಿ ಹೋದರು. 4 ದಿನ ಬಿಟ್ಟು ಅದೇ ಹುಡುಗ ಮತ್ತೆ ಬಂದ, ಟೆಸ್ಟ್ ಕಾರ್ಡಿನಲ್ಲಿ ಪಾಸಿಟಿವ್ ಗೆರೆ ಢಾಳಾಗಿ ಮೂಡಿತು. ಮೊದಲ ಸಲ ಕಾರ್ಡ್ ಸುಳ್ಳು ಹೇಳಿರಲಿಲ್ಲ. ಅವನ ಮೈ ಇನ್ನೂ ಐಜಿಎಂ ತಯಾರಿಸಿಯೇ ಇರಲಿಲ್ಲ, ಅದಕ್ಕೆ 4–5 ದಿನ ಬೇಕು. ಆವತ್ತು ನೋಡಬೇಕಿದ್ದದ್ದು ಎನ್‌ಎಸ್1. ಅದು ವೈರಸ್ಸಿನದೇ ಪ್ರೋಟೀನ್, ಮೊದಲ ದಿನದಿಂದಲೇ ರಕ್ತದಲ್ಲಿ ಸಿಗುತ್ತದೆ.

ಆಮೇಲೊಂದು ಮಳೆಗಾಲ ನನಗೇ ಜ್ವರ ಬಂತು. 2ನೇ ದಿನ ನನ್ನ ರಕ್ತವನ್ನೇ ಕಾರ್ಡಿಗೆ ಹಾಕಿದೆ. ಎನ್‌ಎಸ್1 ಪಾಸಿಟಿವ್, ಬಿಳಿ ರಕ್ತಕಣ 2,800ಕ್ಕೆ ಇಳಿದಿತ್ತು. ಕಣ್ಣುಗುಡ್ಡೆಯ ಹಿಂದೆ ನೋವು, ಮೈಯೆಲ್ಲ ಹೊಡೆದು ಹಾಕಿದ ಹಾಗೆ. ಈ ನೋವೆಲ್ಲ ವೈರಸ್ ನೇರವಾಗಿ ಕೊಡುವುದಲ್ಲ. ಸೋಂಕು ತಗುಲಿದ ಕೋಶಗಳು ಇಂಟರ್‌ಫೆರಾನ್ ಅನ್ನುವ ಸಂಕೇತದ ಪ್ರೋಟೀನ್ ಬಿಟ್ಟು ಅಕ್ಕಪಕ್ಕದವನ್ನು ಎಚ್ಚರಿಸುತ್ತವೆ. ಜ್ವರ, ಮೈಕೈ ನೋವು ಬಹುಪಾಲು ಆ ಗದ್ದಲದ್ದು.

5ನೇ ದಿನ ಸಹೋದ್ಯೋಗಿ ನನ್ನ ರಕ್ತದ ಸ್ಲೈಡ್ ತೋರಿಸಿದಳು. ಲೀಶ್‌ಮನ್ ಬಣ್ಣದಲ್ಲಿ ಲಿಂಫೋಸೈಟ್ ಅನ್ನುವ ಬಿಳಿ ಕಣಗಳು ಊದಿಕೊಂಡಿದ್ದವು. ಅಂಚು ಕಡುನೀಲಿ. ಕಾವಲಿ ಮೇಲಿನ ದೋಸೆಹಿಟ್ಟಿನ ಹಾಗೆ ಹರಡಿ, ಪಕ್ಕದ ಕೆಂಪು ಕಣಗಳನ್ನು ತಬ್ಬಿಕೊಂಡಿದ್ದವು. ದಿನಾ ಬೇರೆಯವರದ್ದನ್ನು ನೋಡುತ್ತೇನೆ. ನನ್ನದೇ ಸೈನ್ಯ ಅಂತ ಗೊತ್ತಾದಾಗ ಮಾತ್ರ ಸುಮ್ನೆ ನೋಡುತ್ತಾ ಕೂತೆ.

ಐಜಿಎಂ ಗೆರೆ ಬಂದಿತ್ತು. ಅದಕ್ಕಿಂತ ಗಾಢವಾಗಿ ಐಜಿಜಿ ಗೆರೆ! ಐಜಿಜಿ ಅಂದರೆ ತಡವಾಗಿ ಬಂದು ವರ್ಷಗಟ್ಟಲೆ ಉಳಿಯುವ ಆಂಟಿಬಾಡಿ. ಇಷ್ಟು ಬೇಗ ಅದು ಏರಿದರೆ ಸಾಮಾನ್ಯವಾಗಿ ಎರಡನೇ ಸಲದ ಸೋಂಕು. ಅಮ್ಮನಿಗೆ ಫೋನ್ ಮಾಡಿದೆ. "ಎಂಟನೇ ಕ್ಲಾಸಲ್ಲಿ ವಾರಗಟ್ಟಲೆ ಮಲಗಿದ್ಯಲ್ಲೇ, ವೈರಲ್ ಅಂದಿದ್ರು." ಅದೇ ಇರಬೇಕು. ಡೆಂಗಿಯಲ್ಲಿ 4 ಬಗೆ. ಒಂದು ಬಂದು ಹೋದರೆ ಆ ಬಗೆಗೆ ಮೈ ಗಟ್ಟಿ, ಉಳಿದ 3ಕ್ಕೆ ಅಲ್ಲ. ಬೇರೆ ಬಗೆ ಬಂದಾಗ ಹಳೇ ಆಂಟಿಬಾಡಿಗಳು ಅಂಟಿಕೊಳ್ಳುತ್ತವೆ, ಆದರೆ ಮಟ್ಟ ಹಾಕಲು ಆಗುವುದಿಲ್ಲ. ಕೆಲವೊಮ್ಮೆ ವೈರಸ್ಸನ್ನು ಬಿಳಿ ಕಣದೊಳಗೆ ಅವೇ ಕೈಹಿಡಿದು ಕರೆದೊಯ್ಯುತ್ತವೆ. ಎರಡನೇ ಸಲ ಕಾಯಿಲೆ ಜೋರಾಗುವ ಅಪಾಯ ಜಾಸ್ತಿ ಅನ್ನುವುದು ಇದಕ್ಕೇ.

ಮರುದಿನ ಜ್ವರ ಬಿಟ್ಟಿತು. ಕೆಲಸಕ್ಕೆ ಹೊರಟೆ, ಡಾಕ್ಟರ್ ಬೈದರು. ಜ್ವರ ಇಳಿಯುವ ಹೊತ್ತಿಗೇ ರಕ್ತನಾಳದಿಂದ ಪ್ಲಾಸ್ಮಾ, ಅಂದರೆ ರಕ್ತದ ನೀರಿನಂಶ, ಸೋರುವುದು. ಪ್ಲೇಟ್‌ಲೆಟ್ 42,000ಕ್ಕೆ ಇಳಿದಿತ್ತು. ಮನೆಯವರ ಕಣ್ಣೆಲ್ಲ ಅದರ ಮೇಲೆ. ಡಾಕ್ಟರ್ ಮಾತ್ರ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) ಕೇಳುತ್ತಿದ್ದರು, ರಕ್ತ ಮಂದವಾಗುತ್ತಿದೆಯೇ ಅಂತ. 38 ಇದ್ದದ್ದು 42ಕ್ಕೆ ಹೋಗಿ ನಿಂತಿತು. ಗಂಜಿ, ಎಳನೀರು, ಓಆರ್‌ಎಸ್ ಕುಡಿದು ಕುಡಿದು ಸಾಕಾಯಿತು.

9ನೇ ದಿನ ಪ್ಲೇಟ್‌ಲೆಟ್ ತಾನಾಗಿಯೇ ಲಕ್ಷ ದಾಟಿತು. "ನನ್ನ ಪಪ್ಪಾಯ ಎಲೆ ರಸ ನೋಡು" ಅಂತ ಚಿಕ್ಕಮ್ಮ ಬೀಗಿದರು. ಅದನ್ನು ದಿನಾ ಹಿತ್ತಲಿಗೆ ಚೆಲ್ಲುತ್ತಿದ್ದೆ ಅಂತ ಅವರಿಗೆ ಇನ್ನೂ ಹೇಳಿಲ್ಲ.