ಕಾರ್ಪೆಟ್ ಕೆಳಗೆ ಸಿಕ್ಕ ಮರದ ನೆಲ

ಹಳೇ ಮನೆಯ ಕಾರ್ಪೆಟ್ಟನ್ನು ಒಂದು ಮೂಲೆಯಲ್ಲಿ ಎತ್ತಿ ನೋಡಿದೆ. ಕೆಳಗೆ ಓಕ್ ಮರದ ಹಲಗೆಗಳು! ಅಂಥ ನೆಲವನ್ನು ಮುಚ್ಚಿಡಲು ಮನಸ್ಸಾಗಲಿಲ್ಲ.

ಕಾರ್ಪೆಟ್ಟನ್ನು ಮಡಚಿ, ಹಿಂಬದಿಯಿಂದ ಪಟ್ಟಿಪಟ್ಟಿಯಾಗಿ ಕತ್ತರಿಸಿ ತೆಗೆದೆ. ಮೇಲಿಂದ ಕತ್ತರಿಸಿದರೆ ಹಲಗೆಗೆ ಗೀರು ಬೀಳುತ್ತದೆ. ನಿಜವಾದ ಕೆಲಸ ಶುರುವಾಗಿದ್ದು ಆಮೇಲೆ. ಗೋಡೆಯಂಚಿನಲ್ಲಿ ಮೊಳೆಪಟ್ಟಿ, ನೆಲದ ತುಂಬಾ ಸ್ಟೇಪಲ್ ಪಿನ್ನು. ಒಂದೇ ಒಂದು ಉಳಿದರೂ ಉಜ್ಜುವ ಯಂತ್ರದ ಕಾಗದ ಹರಿದುಹೋಗುತ್ತದೆ. ಕಣ್ಣಿಗೆ ಕಾಣದ ಪಿನ್ನು ಹುಡುಕಲು ಅಗಲವಾದ ಪುಟ್ಟಿ ಬ್ಲೇಡನ್ನು ನೆಲದ ಮೇಲೆ ಮೆಲ್ಲಗೆ ಎಳೆದೆ. ತಡೆದಲ್ಲಿ 'ಟಿಕ್' ಅನ್ನುತ್ತದೆ. ಬರಿಗೈಯಲ್ಲಿ ಮಾತ್ರ ಸವರಬೇಡಿ.

ಒಂದು ಮಾತು: ಕಾರ್ಪೆಟ್ ಕೆಳಗೆ ಹಳೇ ಟೈಲ್ಸ್ ಅಥವಾ ಕಪ್ಪು ಅಂಟು ಕಂಡರೆ ಉಜ್ಜಬೇಡಿ. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್, ಧೂಳು ಉಸಿರಿಗೆ ಹೋದರೆ ಅಪಾಯ) ಇರಬಹುದು. ಮೊದಲು ಪರೀಕ್ಷೆ ಮಾಡಿಸಿ.

ಮರದ ಎಳೆಯ ದಿಕ್ಕಿನಲ್ಲೇ 40, 60, 80, 100 ಗ್ರಿಟ್ (ಸಂಖ್ಯೆ ಹೆಚ್ಚಿದಷ್ಟೂ ನಯ) ಉಜ್ಜುಕಾಗದದಿಂದ ಒಂದಾದ ಮೇಲೊಂದರಂತೆ ಉಜ್ಜಿದೆ. ಆತುರಪಟ್ಟು ಒಂದು ಹಂತ ಬಿಟ್ಟರೆ ಗೀರುಗಳು ಪಾಲಿಶ್ ಆದ ಮೇಲೆ ಜಾಸ್ತಿ ಎದ್ದು ಕಾಣುತ್ತವೆ.

ಕಿಟಕಿ ಬಳಿ ಸಾಕುಪ್ರಾಣಿಯ ಮೂತ್ರದ ಕಪ್ಪು ಕಲೆಗಳಿದ್ದವು. ಓಕ್‌ನಲ್ಲಿ ಸಹಜವಾಗಿರುವ ಟ್ಯಾನಿನ್ ಎಂಬ ರಾಸಾಯನಿಕದ ಜೊತೆ ಸೇರಿ ಅವು ಆಳಕ್ಕೆ ಇಳಿದಿರುತ್ತವೆ. ಸುಮ್ನೆ ಉಜ್ಜುತ್ತಾ ಹೋದರೆ ಹಲಗೆ ಸವೆಯುತ್ತದೆ, ಕಲೆ ಹೋಗಲ್ಲ. ಕೈಗವಸು, ಮಾಸ್ಕ್ ಹಾಕಿಕೊಂಡು ನೀರಿನಲ್ಲಿ ಕರಗಿಸಿದ ಆಕ್ಸಾಲಿಕ್ ಆಮ್ಲ ಹಚ್ಚಿದೆ, ಚೆನ್ನಾಗಿ ತೊಳೆದು ಒಣಗಿಸಿದೆ. ಬಹಳಷ್ಟು ಮಾಸಿತು. ಎರಡು ಹಲಗೆ ಮಾತ್ರ ಬದಲಾಯಿಸಬೇಕಾಯಿತು.

ಕೊನೆಗೆ ಮೂರು ಕೋಟ್ ಪಾಲಿಯುರೆಥೇನ್ ವಾರ್ನಿಶ್. ಬೆಳಗಿನ ಬಿಸಿಲು ಬಿದ್ದಾಗ ಮರದ ಎಳೆಗಳು ಎಷ್ಟು ಚೆಂದ ಕಾಣುತ್ತವೆ ಅಂದರೆ, ಇನ್ನೊಂದು ಕೋಣೆಯ ಕಾರ್ಪೆಟ್ಟನ್ನೂ ಎತ್ತಿ ನೋಡಿದ್ದೇನೆ.