ಮೊದಲ ಮದುವೆಯ ಮಗುವಿನ ಜೀವನಾಂಶ: ಲೆಕ್ಕ ಒಪ್ಪಿಸುವುದು ಹೇಗೆ?

ಮರುಮದುವೆಯಾಗಿ ಸಂಸಾರ ಒಂದು ಹದಕ್ಕೆ ಬಂತು ಅನ್ನುವಷ್ಟರಲ್ಲಿ, ಮಗುವಿನ ಜೀವನಾಂಶ ಹೆಚ್ಚಿಸಬೇಕೆಂದು ಮಾಜಿ ಹೆಂಡತಿಯ ಕಡೆಯಿಂದ ನೋಟಿಸು. ಕಾಸರಗೋಡಿನ ಕಡೆ ಎಷ್ಟೋ ದಂಪತಿ ಅದನ್ನು ಫ್ರಿಜ್ಜಿನ ಮೇಲಿಟ್ಟು ಸುಮ್ಮನಾಗುತ್ತಾರೆ. ಕೆಲಸ ಕೆಡುವುದು ಅಲ್ಲಿಂದಲೇ.

1. ನೋಟಿಸು ಓದಿಸಿಕೊಳ್ಳಿ. ಮಲಯಾಳದಲ್ಲಿದ್ದರೆ ಬಲ್ಲವರಿಂದ ಅಕ್ಷರಕ್ಕಕ್ಷರ ಕೇಳಿ ತಿಳಿಯಿರಿ. ತಾಯಿ-ಮಗು ಮಂಗಳೂರಿನಲ್ಲಿದ್ದರೆ ಅಲ್ಲೇ ಕೇಸು ಹಾಕಬಹುದು. ‘ನಾನು ಕೇರಳದವ’ ಅನ್ನುವ ವಾದ ನಡೆಯದು. ಜೀವನಾಂಶದ ಕೇಸು ನಡೆಯುತ್ತಿದ್ದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ.

2. ವಕೀಲರನ್ನು ಹಿಡಿಯಿರಿ. ಯೂಟ್ಯೂಬಿನವರನ್ನಲ್ಲ.

3. ಆಸ್ತಿ-ಆದಾಯದ ಅಫಿಡವಿಟ್. ಹೆಚ್ಚಿನವರು ಎಡವುವುದು ಇಲ್ಲಿ. ರಜನೀಶ್–ನೇಹಾ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕಾರ ಇದನ್ನು ಎರಡೂ ಕಡೆಯವರು ಕೊಡಬೇಕು. ಕೋರ್ಟಿನ ಹತ್ತಿರದ ಟೈಪಿಂಗ್ ಅಂಗಡಿಯ ರೆಡಿಮೇಡ್ ಪ್ರತಿ ಮಾತ್ರ ಬೇಡವೇ ಬೇಡ. ರಬ್ಬರ್ ಮರವೇ ಇಲ್ಲದವರ ಖರ್ಚಿನ ಪಟ್ಟಿಯಲ್ಲಿ ಟ್ಯಾಪಿಂಗ್ ಕೂಲಿ ಕೂತದ್ದನ್ನು ನೋಡಿದ್ದೇನೆ.

ಗಂಡ-ಹೆಂಡತಿ ಜೊತೆಯಾಗಿ ಕೂತು ಪಾಸ್‌ಬುಕ್ ಬಿಚ್ಚಿ. ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊಗೆ ಹಾಕಿದ ಅಡಿಕೆಯ ಬಿಲ್ಲು ತೋರಿಸಿ, ಖಾಸಗಿ ವ್ಯಾಪಾರಿಗೆ ಕೊಟ್ಟದ್ದನ್ನು ನುಂಗಿದರೆ ಪಾಟೀಸವಾಲಿನಲ್ಲಿ ಹೊರಬರುತ್ತದೆ. ಆಮೇಲೆ ನಿಮ್ಮ ನಿಜವಾದ ಖರ್ಚನ್ನೂ ಯಾರೂ ನಂಬುವುದಿಲ್ಲ. ಹೊಸ ಕಾರಿನ ಸಾಲದ ಕಂತು ಮಗುವಿನ ಪಾಲಿಗಿಂತ ಮುಂದೆ ನಿಲ್ಲದು. ಈಗಿನ ಹೆಂಡತಿಯ ಸಂಬಳವನ್ನು ನಿಮ್ಮ ಆದಾಯಕ್ಕೆ ಸೇರಿಸಬೇಡಿ, ಆ ಮಗುವನ್ನು ಸಾಕುವ ಹೊಣೆ ಆಕೆಯದಲ್ಲ. ಆದರೆ ಮನೆ ಖರ್ಚಿನ ಅರ್ಧ ಆಕೆ ಹೊರುತ್ತಿದ್ದರೆ ಇಡೀ ಖರ್ಚು ‘ನನ್ನದೇ’ ಎಂದು ಬರೆಯುವುದೂ ಸುಳ್ಳೇ. ಈ ಮದುವೆಯ ಮಗುವಿನ ಹಾಲು, ಮದ್ದು, ಫೀಸು ಬೇರೆ ಸಾಲಿನಲ್ಲಿ ಬರಲಿ. ಮಗುವಿನ ತಾಯಿಗೆ ದುಡಿಮೆಯಿದ್ದರೆ ಅದನ್ನೂ ಎತ್ತಿಹೇಳಿ. ಆಕೆಯ ಪಾಲನ್ನೂ ಕೋರ್ಟು ನೋಡುತ್ತದೆ.

ತಾಯಿಯಿಂದ ಸ್ಟಾಂಪ್ ಪೇಪರಿನಲ್ಲಿ ‘ಇನ್ನು ಏನೂ ಕೇಳುವುದಿಲ್ಲ’ ಎಂದು ಬರೆಸಿಕೊಂಡ ಜಾಣರಿದ್ದಾರೆ. ಅದರಿಂದ ಮಗುವಿನ ಹಕ್ಕು ಹೋಗದು. ಆಕೆ ಮರುಮದುವೆಯಾದರೆ ನಿಲ್ಲುವುದೂ ಆಕೆಯ ಜೀವನಾಂಶವೇ ಹೊರತು ಮಗುವಿನದ್ದಲ್ಲ.

4. ಹಣ ಬ್ಯಾಂಕಿನಲ್ಲೇ ಹೋಗಲಿ. ತಿಂಗಳ 5ರೊಳಗೆ ತಾನಾಗಿ ಹೋಗುವಂತೆ ಮಾಡಿಡಿ. ಬಸ್‌ಸ್ಟ್ಯಾಂಡಿನಲ್ಲಿ ಮಗುವಿನ ಕೈಗೆ ತುರುಕಿದ ನೋಟು, ವಿಷುವಿಗೆ ಕೊಡಿಸಿದ ಸೈಕಲ್ಲು ಲೆಕ್ಕಕ್ಕೆ ಬಾರವು. ಈಗಿನ ಹೆಂಡತಿ ಹಳೆಯವಳಿಗೆ ವಾಟ್ಸ್ಆ್ಯಪ್ ಮಾಡುವುದನ್ನು ಇವತ್ತೇ ನಿಲ್ಲಿಸಲಿ. ಆ ಸ್ಕ್ರೀನ್‌ಶಾಟ್ ನಾಳೆ ಫೈಲಿಗೆ ಸೇರುತ್ತದೆ.

5. ಕೊಡಲಾಗದಿದ್ದರೆ ನೀವಾಗಿಯೇ ಮೊತ್ತ ಕಡಿಮೆ ಮಾಡಬೇಡಿ. ಬಾಕಿಗೆ ವಾರಂಟು, ಜೈಲೂ ಆದೀತು. ಕೊಳೆರೋಗಕ್ಕೆ ಫಸಲು ಹೋದ ವರ್ಷ ಕೃಷಿಭವನದಲ್ಲಿ ಬೆಳೆಹಾನಿಗೆ ಕೊಟ್ಟ ಅರ್ಜಿಯ ಪ್ರತಿ ಹಿಡಿದು, ನಾಗರಿಕ ಸುರಕ್ಷಾ ಸಂಹಿತೆಯ 146ನೇ ಸೆಕ್ಷನ್ನಿನಡಿ ಮೊತ್ತ ಇಳಿಸಲು ಅರ್ಜಿ ಹಾಕಿ. ಆದೇಶ ಬರುವವರೆಗೆ ಹಳೆಯ ಮೊತ್ತವನ್ನೇ ಕಟ್ಟುತ್ತಿರಿ.