ತಾಂಡಾದಲ್ಲಿ ‘ನಾವು’ ಅಂದರೆ ಯಾರು?

ಚಿಂಚೋಳಿ ತಾಲೂಕಿನ ಒಂದು ತಾಂಡಾಕ್ಕೆ, ಅಂದರೆ ಲಂಬಾಣಿಗರ ಊರಿಗೆ, ಮೊದಲ ಸಲ ಹೋದಾಗ ನನ್ನ ಕೈಯಲ್ಲಿ ಒಂದು ಪದಪಟ್ಟಿ ಇತ್ತು. ತಲೆ, ಕೈ, ನೀರು, ಬೆಂಕಿ, ನಾನು, ನಾವು. ‘ಇದಕ್ಕೆ ಲಂಬಾಣಿಯಲ್ಲಿ ಏನಂತೀರಿ?’ ಅಂತ ಕೇಳುವುದು, ಬರೆದುಕೊಳ್ಳುವುದು. ಒಂದು ತಿಂಗಳಲ್ಲಿ ಎರಡು ನೋಟ್‌ಬುಕ್ ತುಂಬಿದವು. ‘ನಾವು’ ಎದುರಿಗೆ ‘ಹಮ’ ಅಂತ ಬರೆದಿದ್ದೆ.

ಒಂದು ದಿನ ಸಂತೆಗೆ ಹೊರಟಿದ್ದೆವು. ನನಗೆ ಮಾತು ಕಲಿಸುತ್ತಿದ್ದ ಅಜ್ಜಿಯೂ ಬರುವವರಿದ್ದರು. ತಾಂಡಾದವರಂತೆ ನಾನೂ ಅವರನ್ನು ಯಾಡಿ ಅಂತಲೇ ಕರೆಯುತ್ತೇನೆ. ಯಾಡಿ ಅಂದರೆ ಅವ್ವ. ‘ನಾವು ಹೋಗೋಣ’ ಅನ್ನಲು ‘ಹಮ’ ಸೇರಿಸಿ ಒಂದು ಮಾತು ಆಡಿದೆ. ಯಾಡಿ ಎತ್ತಿಕೊಂಡಿದ್ದ ಚೀಲ ಕೆಳಗಿಟ್ಟರು.

‘ಯಾಕಪಾ, ನನ್ನ ಬಿಟ್ಟು ಹೊಂಟೀರೇನು?’

ಲಂಬಾಣಿಯಲ್ಲಿ ‘ನಾವು’ ಎರಡು. ಕೇಳುವವರೂ ಸೇರಿದ್ದರೆ ‘ಆಪಣ’, ಅವರನ್ನು ಬಿಟ್ಟರೆ ‘ಹಮ’. ಮರಾಠಿಯಲ್ಲಿ ಆಪಣ ಮತ್ತು ಆಮ್ಹಿ, ತೆಲುಗಿನಲ್ಲಿ ಮನಂ ಮತ್ತು ಮೇಮು ಇದ್ದಂತೆಯೇ. ಬೀದರ್ ಕಡೆಯವರಿಗೆ ಇದು ಹೊಸದಲ್ಲ. ನಮ್ಮ ಈಗಿನ ಕನ್ನಡದಲ್ಲಿ ಮಾತ್ರ ಎರಡಕ್ಕೂ ಒಂದೇ ‘ನಾವು’. ನಾನು ಕನ್ನಡದಲ್ಲಿ ಒಂದು ಕೇಳಿದ್ದೆ, ಅವರು ಒಂದು ಕೊಟ್ಟಿದ್ದರು.

ಕೆನಡಾದ ಮೂಲನಿವಾಸಿಗಳ ಸಾಲಿಶ್ ಭಾಷೆಗಳಲ್ಲಿ ಕೆಲಸ ಮಾಡಿದ ಭಾಷಾವಿಜ್ಞಾನಿ ಲೀಸಾ ಮ್ಯಾಥ್ಯೂಸನ್ ಅವರು 2004ರಲ್ಲೇ ಇದನ್ನು ಬರೆದಿದ್ದರು. ಅನುವಾದ ಅರ್ಥದ ಸುಳಿವು ಅಷ್ಟೇ, ಅದೇ ಅರ್ಥ ಅಲ್ಲ. ಓದಿದ್ದೆ. ಆ ಚೀಲ ನೆಲಕ್ಕೆ ಬಂದಾಗ ತಿಳಿಯಿತು.

ಅಲ್ಲಿಂದ ಕೇಳುವ ರೀತಿ ಬದಲಾಯಿಸಿದೆ. ಈಗ ಮೊದಲು ಒಂದು ಸಂದರ್ಭ ಕಟ್ಟುತ್ತೇನೆ. ‘ಯಾಡಿ, ನೀವು ಮನೆಯಲ್ಲೇ ಇರ್ತೀರಿ. ನಾನು, ನಿಮ್ಮ ಮಗ ತೊಗರಿ ರಾಶಿಗೆ ಹೋಗ್ತೀವಿ. ಆಗ ನಾನು ನಿಮಗೆ ಹೀಗೆ ಹೇಳಬಹುದಾ?’ ಆಮೇಲೆ ವಾಕ್ಯ. ಹೌದು ಅಥವಾ ಇಲ್ಲ, ಅಷ್ಟು ಸಾಕು. ಪುಟದಲ್ಲಿ ಮೂರು ಮನೆ: ಸಂದರ್ಭ, ವಾಕ್ಯ, ಉತ್ತರ. ಹಳ್ಳಿಯ ಜನ ಮನೆಗೆ ಬಂದವರ ಮನಸ್ಸು ನೋಯಿಸುವುದಿಲ್ಲ, ಎಲ್ಲಕ್ಕೂ ಹೌದು ಅಂದುಬಿಡುತ್ತಾರೆ. ಅದಕ್ಕೇ ನಡುನಡುವೆ ತಪ್ಪೆಂದು ಗೊತ್ತಿರುವ ವಾಕ್ಯವನ್ನೂ ಇಡುತ್ತೇನೆ. ಅದಕ್ಕೂ ಹೌದು ಬಂದರೆ ಅವತ್ತು ನೋಟ್‌ಬುಕ್ ಮುಚ್ಚಿ ಚಹಾ ಕುಡಿಯುತ್ತಾ ಮಾತಾಡುವುದು ಒಳ್ಳೆಯದು. ನನಗೆ ಜಾಸ್ತಿ ಕಲಿಸಿದ್ದು ‘ಹಂಗ ಅನ್ನಂಗಿಲ್ಲ’ ಅನ್ನುವ ಉತ್ತರಗಳೇ. ಒಂದು ಪದ ಎಲ್ಲಿ ನಿಲ್ಲುತ್ತದೆ ಅಂತ ಅವು ತೋರಿಸುತ್ತವೆ.

ಇನ್ನೊಂದು ಮಾತು. ‘ಈ ಎರಡು ಪದಕ್ಕೆ ಏನು ವ್ಯತ್ಯಾಸ?’ ಅಂತ ನೇರವಾಗಿ ಕೇಳುವುದನ್ನು ಬಿಟ್ಟೆ. ‘ಹೋಗ್ತೀನಿ’, ‘ಹೋಗಿಬರ್ತೀನಿ’ ನಡುವಿನ ವ್ಯತ್ಯಾಸ ಹೇಳಿ ಅಂದರೆ ನಾವೂ ತಡವರಿಸುತ್ತೇವೆ ಅಲ್ವಾ? ಬಳಸುವಾಗ ಮಾತ್ರ ತಪ್ಪುವುದಿಲ್ಲ.

2011ರ ಜನಗಣತಿಯಲ್ಲಿ ಲಂಬಾಣಿ ಮಾತಾಡುವವರು 32 ಲಕ್ಷಕ್ಕೂ ಹೆಚ್ಚು. ಆದರೆ ಜನಗಣತಿ ಆ ಲೆಕ್ಕವನ್ನು ಹಿಂದಿಯ ಗುಂಪಿನೊಳಗೇ ಸೇರಿಸಿದೆ. ಇಷ್ಟು ಜನ ಇರುವಾಗ ಭಾಷೆಗೆ ಏನಾಗುತ್ತದೆ ಅಂತ ಹಲವರು ಕೇಳುತ್ತಾರೆ. ಯಾಡಿಯ ಮೊಮ್ಮಗ ಪುಣೆಯಲ್ಲಿ ಬೆಳೆದವನು. ಅವನ ಮಾತಿನಲ್ಲಿ ‘ಆಪಣ’ ಬರುವುದೇ ಇಲ್ಲ, ಎಲ್ಲಕ್ಕೂ ‘ಹಮ’. ಹಿಂದಿಯ ‘ಹಮ್’ ಎರಡೂ ಕೆಲಸ ಮಾಡುತ್ತದೆ, ಅದರ ಅರ್ಥವೇ ಇಲ್ಲಿಗೂ ಬಂದಿರಬೇಕು ಅನ್ನಿಸುತ್ತದೆ. ಪದಪಟ್ಟಿ ಹಿಡಿದು ಹೋದವರಿಗೆ ಇದು ಕಾಣುವುದಿಲ್ಲ. ಅಜ್ಜಿ, ಮೊಮ್ಮಗ ಇಬ್ಬರ ಎದುರಿಗೂ ‘ಹಮ’ ಅಂತಲೇ ಬರೆದುಕೊಂಡು ಬರುತ್ತಾರೆ. ಪದ ಉಳಿದಿದೆ, ಒಳಗಿನ ಅರ್ಥ ಹೋಗಿದೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಒಂದು ಪ್ರಶ್ನೆ ಇನ್ನೂ ಬಾಕಿ ಇದೆ. ಎದುರಿಗೆ ಇಬ್ಬರಿದ್ದಾರೆ. ಒಬ್ಬರು ನಮ್ಮ ಜೊತೆ ಬರುತ್ತಾರೆ, ಇನ್ನೊಬ್ಬರು ಬರುವುದಿಲ್ಲ. ಆಗ ಆಪಣವೋ ಹಮವೋ? ಯಾಡಿ ಒಂದು ಹೇಳಿದರು, ಅವರ ತಂಗಿ ಇನ್ನೊಂದು. ದೀಪಾವಳಿಗೆ ದುಡಿಯಲು ಹೋದವರು ತಾಂಡಾಕ್ಕೆ ಬರುತ್ತಾರೆ. ಆಗ ಹತ್ತು ಮನೆಯಲ್ಲಾದರೂ ಇದೇ ಸಂದರ್ಭ ಇಟ್ಟು ಕೇಳಬೇಕು.